‘ಜೋರು’ ಎಂಬ ಒಂದು ಮಾತು, ಇಂಗ್ಲಿಷಿನ ಹಲವು ಮಾತುಗಳು

ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಹಳೆಯ ವಿದ್ಯಾರ್ಥಿನಿಯರು ನಮ್ಮನ್ನು ಕೇಳಿಕೊಂಡಾಗ, ಶಾಲೆಯ ಕಟ್ಟಡಗಳನ್ನೂ ಪರೀಕ್ಷೆಗಳ ಫಲಿತಾಂಶವನ್ನೂ ಕುರಿತು ಬರೆಯುವುದು ಸುಲಭವೆಂದು ಮೊದಲು ತೋರಿತು. ಆದರೆ ಅವೆಲ್ಲವೂ ವಾರ್ಷಿಕ ವರದಿಯಲ್ಲಿ ಬಂದೇ ಬರುತ್ತವೆ. ಅದಕ್ಕೆ ಬದಲಾಗಿ, ಕೆಲವು ವರ್ಷಗಳಿಂದ ನಮ್ಮ ಮನಸ್ಸಿನಲ್ಲಿ ಭಾರವಾಗಿ ಕುಳಿತಿರುವ ಒಂದು ಸಣ್ಣ ವಿಷಯವನ್ನು ವಾಚಕರ ಮುಂದಿಡಬಯಸುತ್ತೇವೆ. ಅದು ಇಂಗ್ಲಿಷ್ ಭಾಷೆಯ ಒಂದು ಪದಕ್ಕೆ ಸಂಬಂಧಪಟ್ಟದ್ದು. ಆ ಪದವನ್ನು ಬರೆದವರು ನಾವು. ಅದರಿಂದ ನಷ್ಟಪಟ್ಟವಳು ನಮ್ಮ ವಿದ್ಯಾರ್ಥಿನಿ.

ನಮ್ಮ ಹುಡುಗಿಯರಲ್ಲಿ ಅನೇಕರು ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳಿಂದ ರೈಲಿನಲ್ಲಿ ಬಂಗಾರಪೇಟೆಗೆ ಬರುವವರೆಂಬುದನ್ನು ವಾಚಕರು ಬಲ್ಲರು. ಒಂದು ದಿನ ರೈಲು ಬಹಳ ತಡವಾಗಿ ಬಂದಿತು. ಪ್ರಾರ್ಥನೆ ಮುಗಿದ ಮೇಲೆ ಬಂದ ಹುಡುಗಿಯರನ್ನು ನಿಯಮದಂತೆ ಹೊರಗೆ ನಿಲ್ಲಿಸಲಾಗಿತ್ತು. ಆಗ ಹತ್ತನೆಯ ತರಗತಿಯ ಒಬ್ಬಳು ನಮ್ಮ ಕೊಠಡಿಗೆ ಬಂದು, ಕೈಕಟ್ಟಿ ನಿಂತು, “ಮಿಸ್, ರೈಲು ತಡವಾದದ್ದು ನಮ್ಮ ತಪ್ಪಲ್ಲ. ದೊಡ್ಡವರು ಬೇಕಾದರೆ ನಿಲ್ಲುತ್ತೇವೆ, ಚಿಕ್ಕ ಮಕ್ಕಳು ಬಿಸಿಲಿನಲ್ಲಿದ್ದಾರೆ. ಸ್ಟೇಷನ್ನಿಗೆ ಕೇಳಿ ನೋಡಿ, ಆಮೇಲೆ ತೀರ್ಮಾನ ಮಾಡಿ,” ಎಂದಳು. ಮಾತು ಮೆಲ್ಲಗಿತ್ತು, ಆದರೆ ಕಣ್ಣು ಕೆಳಗಾಗಲಿಲ್ಲ. ನಾವು ವಿಚಾರಿಸಿ ಎಲ್ಲರನ್ನೂ ಒಳಗೆ ಬಿಟ್ಟೆವು. ಆದರೂ ಆ ಹುಡುಗಿಯ ಧೋರಣೆ ನಮಗೆ ಒಗ್ಗಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ವರ್ಷದ ಕೊನೆಯಲ್ಲಿ ಅವಳ ನಡತೆಯ ಪತ್ರವನ್ನು ಬರೆಯುವಾಗ, ಬುದ್ಧಿವಂತೆ, ಶ್ರಮಜೀವಿ ಎಂದು ಬರೆದು, ಜೊತೆಗೆ ‘ಅಗ್ರೆಸಿವ್’ ಎಂಬ ಮಾತನ್ನೂ ಸೇರಿಸಿದೆವು.

ಆ ಪತ್ರವನ್ನು ಅವಳು ಒಂದು ಪದವಿಪೂರ್ವ ಕಾಲೇಜಿನ ಹಾಸ್ಟೆಲಿಗೆ ಕೊಟ್ಟಳು. ಅಲ್ಲಿಯವರು ಆ ಒಂದು ಪದವನ್ನು ನೋಡಿ, ಇತರ ಮಕ್ಕಳೊಡನೆ ಹೊಂದಿಕೊಂಡು ಹೋಗಲಾರಳೆಂದು ಊಹಿಸಿ, ಸ್ಥಳವಿಲ್ಲವೆಂದರು. ಅವಳ ತಂದೆಯವರು ಒಂದು ದಿನದ ಕೂಲಿಯನ್ನು ಬಿಟ್ಟು ನಮ್ಮಲ್ಲಿಗೆ ಬಂದರು. ನಿಘಂಟಿನಲ್ಲಿ ಯಾರೋ ನೋಡಿ ಹೇಳಿದ ಅರ್ಥವನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡು ಬಂದಿದ್ದರು: ‘ಆಕ್ರಮಣಶೀಲ, ಮೇಲೆಬೀಳುವ’. ಚೀಟಿಯನ್ನು ಮೇಜಿನ ಮೇಲಿಟ್ಟು, “ಅಮ್ಮಾ, ನನ್ನ ಮಗಳು ಯಾರ ಮೇಲೆ ಕೈಮಾಡಿದಳು?” ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಬೇರೆ ಪತ್ರವನ್ನು ಆಗಲೇ ಬರೆದುಕೊಟ್ಟೆವು. ಆದರೆ ಅಷ್ಟರಲ್ಲಿ ಸ್ಥಳಗಳು ತುಂಬಿಹೋಗಿದ್ದವು. ಆ ಮಗು ಎರಡು ವರ್ಷ, ಬೆಳಕು ಹರಿಯುವ ಮೊದಲೇ ಮನೆಬಿಟ್ಟು, ತಂದೆಯೊಡನೆ ಬೆಂಗಳೂರಿನ ರೈಲಿಗೆ ಓಡಾಡಿ ಓದಬೇಕಾಯಿತು.

ಇಷ್ಟು ಕಷ್ಟಕ್ಕೆ ಕಾರಣವಾದದ್ದು ನಮ್ಮ ದುರುದ್ದೇಶವಲ್ಲ. ಪದದ ತೂಕವನ್ನು ನೋಡದೆ ಬರೆದ ಅಲಕ್ಷ್ಯ. ನಾವು ಮನಸ್ಸಿನಲ್ಲಿಟ್ಟುಕೊಂಡಿದ್ದ ಮಾತು ಇಂಗ್ಲಿಷಿನದೇ ಅಲ್ಲ. ಈ ಸೀಮೆಯಲ್ಲಿ ಎಲ್ಲರೂ ಆಡುವ ‘ಜೋರು’ ಎಂಬುದನ್ನೇ ನಾವು ಅಂದುಕೊಂಡು, ಕೈಗೆ ಸಿಕ್ಕಿದ ಇಂಗ್ಲಿಷ್ ಪದವನ್ನು ಅದಕ್ಕೆ ತೊಡಿಸಿದೆವು.

‘ಜೋರು’ ಪಾರಸಿ ಭಾಷೆಯಿಂದ ನಮ್ಮಲ್ಲಿಗೆ ಬಂದು ನೆಲೆಯಾದ ಮಾತು. ಮಳೆ ಜೋರು, ಗಾಳಿ ಜೋರು, ವ್ಯಾಪಾರ ಜೋರು, ಸೊಸೆ ಜೋರು. ಹೊಗಳಿಕೆಯೋ ತೆಗಳಿಕೆಯೋ ಎಂಬುದು ಹೇಳುವವರ ಧ್ವನಿಯಿಂದ ತಿಳಿಯಬೇಕೇ ಹೊರತು ಪದದಿಂದ ತಿಳಿಯುವಂತಿಲ್ಲ. ಹಾಗೆಂದು ಕನ್ನಡದಲ್ಲಿ ಪದಗಳಿಗೆ ಬಡತನವಿಲ್ಲ. ದಿಟ್ಟೆ, ಗಟ್ಟಿಗಿತ್ತಿ, ಛಲಗಾತಿ, ಹಠಮಾರಿ, ಮೊಂಡಿ, ಗಯ್ಯಾಳಿ, ಬಜಾರಿ, ಗಂಡುಬೀರಿ ಎಂದು ಸಾಲಾಗಿ ಹೇಳಬಹುದು. ಇವುಗಳಲ್ಲಿ ಮೊದಲ ಮೂರು ಮೆಚ್ಚಿಗೆ, ಉಳಿದವು ಬೈಗುಳ. ಗಂಡುಬೀರಿ ಎಂಬುದಕ್ಕೆ ಗಂಡುಮಕ್ಕಳ ಪಾಲಿಗೆ ಸರಿಜೋಡಿಯಾದ ಮಾತೇ ಇಲ್ಲವೆಂಬುದನ್ನು ತಾಯಿತಂದೆಗಳು ಗಮನಿಸಬೇಕು. ಇಂಗ್ಲಿಷಿನಲ್ಲಿಯೂ ಹೀಗೆಯೇ ಮೆಟ್ಟಲು ಮೆಟ್ಟಲಾಗಿ ಪದಗಳಿವೆ. ತೊಂದರೆ ಏನೆಂದರೆ, ಕನ್ನಡದ ಮೆಟ್ಟಲುಗಳನ್ನು ನಾವು ತೊಟ್ಟಿಲಿನಿಂದ ಬಲ್ಲೆವು. ಇಂಗ್ಲಿಷಿನ ಮೆಟ್ಟಲುಗಳನ್ನು ಪುಸ್ತಕದಿಂದ ಮಾತ್ರ ಬಲ್ಲೆವು.

ನಮ್ಮ ಊರಿನ ಸ್ಥಿತಿಯೂ ಇದಕ್ಕೆ ಕಾರಣ. ಹಿಂದೆ ಈ ಊರಿಗೆ ಬೌರಿಂಗ್‌ಪೇಟೆ ಎಂಬ ಹೆಸರಿತ್ತು. ೧೮೬೨ರಿಂದ ೧೮೭೦ರ ವರೆಗೆ ಮೈಸೂರಿನ ಚೀಫ್ ಕಮಿಷನರಾಗಿದ್ದ ಲೆವಿನ್ ಬೆಂಥಮ್ ಬೌರಿಂಗರ ಹೆಸರು ಅದು. ೧೮೮೦ರಿಂದ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಲಂಡನ್ನಿನ ಸಂಸ್ಥೆ ಚಿನ್ನದ ಗಣಿಗಳ ಆಡಳಿತವನ್ನು ವಹಿಸಿಕೊಂಡಿತು. ಗಣಿಗಳು ೨೦೦೧ರಲ್ಲಿ ಮುಚ್ಚಿದವು. ಈ ನಡುವಣ ನೂರಿಪ್ಪತ್ತು ವರ್ಷಗಳಲ್ಲಿ ನಮ್ಮ ಹಿರಿಯರು ಕೇಳಿದ ಇಂಗ್ಲಿಷ್ ಬಹುಮಟ್ಟಿಗೆ ಆಜ್ಞೆಯ ಇಂಗ್ಲಿಷ್: ಆರ್ಡರ್, ಡ್ಯೂಟಿ, ಶಿಫ್ಟ್, ಫೈನ್. ಬೇಡಿಕೊಳ್ಳುವ, ಒಪ್ಪಿಸುವ, ಮರ್ಯಾದೆಯಿಂದ ಮರುನುಡಿಯುವ ಇಂಗ್ಲಿಷ್ ಅವರ ಕಿವಿಗೆ ಬಿದ್ದದ್ದು ಕಡಿಮೆ. ಆದಕಾರಣ ಈ ಪದಗಳ ಭೇದವನ್ನು ಕಲಿಸುವುದು ನಮ್ಮ ಶಾಲೆಯಂಥ ಶಾಲೆಗೆ ಅಲಂಕಾರದ ಕೆಲಸವಲ್ಲ, ಅಗತ್ಯದ ಕೆಲಸ.

ನಿಘಂಟುಗಳು ಈ ಕೆಲಸದಲ್ಲಿ ಅರ್ಧ ದಾರಿಯವರೆಗೆ ಮಾತ್ರ ಕೈಹಿಡಿಯುತ್ತವೆ. ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟ್ಟೆಲರು ಬಹುವರ್ಷ ದುಡಿದು ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚುಮಾಡಿಸಿದ ಕನ್ನಡ–ಇಂಗ್ಲಿಷ್ ನಿಘಂಟಿಗೆ ನಾವೆಲ್ಲರೂ ಋಣಿಗಳು. ೧೮೧೬ರಲ್ಲಿ ಜಾರ್ಜ್ ಕ್ರ್ಯಾಬ್ ಎಂಬವರು ಇಂಗ್ಲಿಷಿನ ಸಮಾನಾರ್ಥಕ ಪದಗಳ ಭೇದವನ್ನು ವಿವರಿಸುವ ಪುಸ್ತಕವನ್ನು ಬರೆದರು. ೧೮೫೨ರಲ್ಲಿ ರೋಜೆ ಎಂಬ ವೈದ್ಯರು ತಮ್ಮ ಪ್ರಸಿದ್ಧವಾದ ಪದಕೋಶವನ್ನು ಪ್ರಕಟಿಸಿದರು. ರೋಜೆಯವರ ಕೋಶದಲ್ಲಿ ಒಂದೇ ಅರ್ಥದ ಪದಗಳು ಒಂದೇ ಕಡೆ ನೆರೆದಿರುತ್ತವೆ. ಆದರೆ ಹತ್ತಿರ ಹತ್ತಿರ ಕುಳಿತವರೆಲ್ಲರೂ ಒಡಹುಟ್ಟಿದವರೆಂದು ಭಾವಿಸಿದ ವಿದ್ಯಾರ್ಥಿನಿ ಮೋಸಹೋಗುತ್ತಾಳೆ. ಅರ್ಥ ನಿಘಂಟಿನಲ್ಲಿರುತ್ತದೆ, ಧ್ವನಿ ಬಳಕೆಯಲ್ಲಿರುತ್ತದೆ.

ಈ ಬಗೆಯ ಪದಗಳನ್ನು ತೂಗಿ ನೋಡುವುದಕ್ಕೆ ನಮ್ಮ ತರಗತಿಗಳಲ್ಲಿ ಈಗ ಮೂರು ಪ್ರಶ್ನೆಗಳನ್ನು ಕಲಿಸುತ್ತೇವೆ. ಮೊದಲನೆಯದು: ಆ ವ್ಯಕ್ತಿ ಕೇಳುತ್ತಿರುವುದು ನ್ಯಾಯವಾಗಿ ಸಲ್ಲತಕ್ಕದ್ದೋ, ಮತ್ತೊಬ್ಬರಿಂದ ಕಿತ್ತುಕೊಳ್ಳತಕ್ಕದ್ದೋ? ಎರಡನೆಯದು: ಎದುರಿನವರಿಗೆ ‘ಒಲ್ಲೆ’ ಎನ್ನುವುದಕ್ಕೆ ಎಡೆ ಉಳಿದಿದೆಯೋ ಇಲ್ಲವೋ? ಮೂರನೆಯದು: ಉಪಯೋಗಿಸುವ ಸಾಧನ ಯಾವುದು? ಮಾತೋ, ಪದವಿಯೋ, ತೋಳೋ? ಈ ಮೂರಕ್ಕೆ ಉತ್ತರ ಸಿಕ್ಕಿದರೆ ತಕ್ಕ ಪದವು ತಾನಾಗಿಯೇ ಮುಂದೆ ಬರುತ್ತದೆ.

ಮೊದಲು ನಿಲುವಿಗೆ ಸಂಬಂಧಪಟ್ಟ ಪದಗಳನ್ನು ನೋಡೋಣ. ‘ಫರ್ಮ್’ ಎಂದರೆ ಅಲುಗದಿರುವುದು. ಗಟ್ಟಿಯಾದ ನೆಲಕ್ಕೂ ಈ ಪದವೇ, ಗಟ್ಟಿಯಾದ ಮನಸ್ಸಿಗೂ ಈ ಪದವೇ. ಇದರಲ್ಲಿ ನಿಂದೆಯ ಲೇಶವೂ ಇಲ್ಲ. ಇದರ ನೆರೆಯಲ್ಲಿ ಒಂದು ಸೊಗಸಾದ ಕುಟುಂಬವುಂಟು. ಲ್ಯಾಟಿನಿನಲ್ಲಿ ‘ನಿಲ್ಲು, ನಿಲ್ಲಿಸು’ ಎಂಬ ಅರ್ಥದ ಒಂದು ಧಾತುವಿನಿಂದ ‘ಇನ್ಸಿಸ್ಟ್’, ‘ಪರ್ಸಿಸ್ಟ್’, ‘ರೆಸಿಸ್ಟ್’, ‘ಅಸಿಸ್ಟ್’ ಎಂಬ ನಾಲ್ಕೂ ಹುಟ್ಟಿವೆ. ಒಂದು ಮಾತಿನ ಮೇಲೆಯೇ ನಿಂತರೆ ‘ಇನ್ಸಿಸ್ಟ್’. ಕೊನೆಯವರೆಗೂ ನಿಂತರೆ ‘ಪರ್ಸಿಸ್ಟ್’. ಎದುರಾಗಿ ನಿಂತರೆ ‘ರೆಸಿಸ್ಟ್’. ಒಬ್ಬರ ಪಕ್ಕದಲ್ಲಿ ನಿಂತರೆ ‘ಅಸಿಸ್ಟ್’. ಒಬ್ಬಳೇ ಹುಡುಗಿ ಒಂದೇ ಬೆಳಗ್ಗೆ ಈ ನಾಲ್ಕನ್ನೂ ಮಾಡಬಹುದು. ನಮ್ಮ ಆ ವಿದ್ಯಾರ್ಥಿನಿ ಮಾಡಿದ್ದೂ ಅದನ್ನೇ.

ನಿಲುವು ಕಾರಣವನ್ನು ಮೀರಿ ಉಳಿದರೆ ‘ಅಬ್ಸ್ಟಿನೇಟ್’ ಆಗುತ್ತದೆ. ಅದು ನಮ್ಮ ಹಠಮಾರಿತನ. ಎದುರಿನವರ ವಾದವನ್ನು ಕೇಳಿ, ತೂಗಿ, ಆಮೇಲೂ ಬದಲಾಗದವಳು ‘ಫರ್ಮ್’. ಕೇಳುವುದಕ್ಕೇ ಒಲ್ಲದವಳು ‘ಅಬ್ಸ್ಟಿನೇಟ್’. ಪದೇ ಪದೇ ಕೇಳಿ ಎದುರಿನವರನ್ನು ಬೇಸರಪಡಿಸುವುದಕ್ಕೆ ‘ಇಂಪಾರ್ಚುನೇಟ್’ ಎಂಬ ಪದವುಂಟು. ಲೂಕನ ಸುವಾರ್ತೆಯಲ್ಲಿ ನಡುರಾತ್ರಿಯಲ್ಲಿ ರೊಟ್ಟಿ ಕೇಳಲು ಬಂದ ಸ್ನೇಹಿತನ ಸಾಮ್ಯವಿದೆಯಷ್ಟೆ. ೧೬೧೧ರ ಇಂಗ್ಲಿಷ್ ಬೈಬಲ್ ಅವನ ನಡತೆಗೆ ಇದೇ ಕುಟುಂಬದ ಪದವನ್ನು ಉಪಯೋಗಿಸಿದೆ. ಸಾಮಾನ್ಯವಾಗಿ ನಿಂದೆಯ ಪದವಾದರೂ ಅಲ್ಲಿ ಅದು ಪ್ರಾರ್ಥನೆಗೆ ಮಾದರಿಯಾಗಿ ನಿಂತಿದೆ. ಅನ್ಯಾಯಗಾರನಾದ ನ್ಯಾಯಾಧಿಪತಿಯ ಬಾಗಿಲನ್ನು ಬಿಡದ ವಿಧವೆಯೂ ಅಂಥವಳೇ. ಆಕೆ ಕೇಳಿದ್ದು ನ್ಯಾಯವನ್ನು. ಸಾಧನ ಮಾತು ಮಾತ್ರ. ನಮ್ಮ ಮೂರು ಪ್ರಶ್ನೆಗಳಿಗೂ ಆಕೆಯಲ್ಲಿ ಉತ್ತರವಿದೆ.

ಇನ್ನು ನಮ್ಮ ಕಥೆಯ ಮುಖ್ಯ ಪದಗಳಿಗೆ ಬರೋಣ. ‘ಅಗ್ರೆಸಿವ್’ ಎಂಬುದರ ಲ್ಯಾಟಿನ್ ಮೂಲಕ್ಕೆ ‘ಎದುರಿನವರ ಕಡೆಗೆ ಹೆಜ್ಜೆಯಿಡು’ ಎಂದರ್ಥ. ಅಲ್ಲಿಂದ ‘ಮೇಲೆ ಹೋಗು, ದಾಳಿಮಾಡು’ ಎಂಬ ಅರ್ಥ ಬಂತು. ಗಡಿಯನ್ನು ದಾಟುವುದು ಇದರ ಜೀವಾಳ. ಮತ್ತೊಂದು ದೇಶದ ಮೇಲೆ ಏರಿಹೋಗುವ ದೇಶಕ್ಕೂ, ಕಚ್ಚಬರುವ ನಾಯಿಗೂ, ದೇಹದಲ್ಲಿ ಬೇಗಬೇಗನೆ ಹಬ್ಬುವ ಅರ್ಬುದಕ್ಕೂ ಈ ಪದವನ್ನು ಹೇಳುತ್ತಾರೆ. ಆದರೆ ವ್ಯಾಪಾರದ ಜಾಹೀರಾತುಗಳಲ್ಲಿ ‘ಅಗ್ರೆಸಿವ್ ಸೇಲ್ಸ್‌ಮನ್’ ಬೇಕೆಂದು ಕೇಳುವುದೂ ಉಂಟು. ಅಲ್ಲಿ ಚುರುಕಾಗಿ ಮುನ್ನುಗ್ಗುವವನೆಂದು ಹೊಗಳಿಕೆ. ಕ್ರಿಕೆಟ್ಟಿನ ವರದಿಗಳಲ್ಲಿಯೂ ಹಾಗೆಯೇ. ಈ ಹೊಗಳಿಕೆಯ ಅರ್ಥ ಅಂಗಡಿಯಲ್ಲಿಯೂ ಆಟದ ಬಯಲಿನಲ್ಲಿಯೂ ಮಾತ್ರ ನಡೆಯುವ ನಾಣ್ಯ; ನಡತೆಯ ಪತ್ರದಲ್ಲಿ ನಡೆಯದು. ನಾವು ಆ ನಾಣ್ಯವನ್ನು ನಡೆಯದ ಕಡೆ ಚಲಾಯಿಸಿದೆವು.

ನಾವು ಬರೆಯಬೇಕಾಗಿದ್ದ ಪದ ‘ಅಸರ್ಟಿವ್’. ತನಗೆ ಸಲ್ಲತಕ್ಕದ್ದನ್ನು ಎದುರಿನವರ ಮರ್ಯಾದೆಗೆ ಕುಂದಿಲ್ಲದಂತೆ ಸ್ಪಷ್ಟವಾಗಿ ಹೇಳುವ ಗುಣಕ್ಕೆ ಇಂದು ಈ ಪದವನ್ನು ಉಪಯೋಗಿಸುತ್ತಾರೆ. ಈ ಅರ್ಥ ಗಟ್ಟಿಯಾದದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ೧೯೭೦ರಲ್ಲಿ ಅಮೆರಿಕಾದ ಆಲ್ಬರ್ಟಿ, ಎಮ್ಮನ್ಸ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಬರೆದ ಪುಸ್ತಕವು ಅದನ್ನು ಜನಸಾಮಾನ್ಯಕ್ಕೆ ಮುಟ್ಟಿಸಿತು. ಆದರೆ ಪದದ ಬೇರು ಬಹು ಹಳೆಯದು, ಮತ್ತು ನಮಗೆ ಅದು ಪಾಠವಾಯಿತು. ಪ್ರಾಚೀನ ರೋಮಿನಲ್ಲಿ ಸ್ವತಂತ್ರನಾದ ಒಬ್ಬನನ್ನು ಗುಲಾಮನೆಂದು ಯಾರಾದರೂ ಹಿಡಿದಿಟ್ಟರೆ, ಅವನು ತನ್ನ ಪರವಾಗಿ ತಾನೇ ವಾದಿಸುವಂತಿರಲಿಲ್ಲ. ಬೇರೊಬ್ಬ ನಾಗರಿಕನು ಅಧಿಕಾರಿಯ ಮುಂದೆ ಬಂದು, ಅವನ ಮೇಲೆ ಕೈಯಿಟ್ಟು, ‘ಇವನು ಸ್ವತಂತ್ರನು’ ಎಂದು ಘೋಷಿಸಬೇಕಾಗಿತ್ತು. ಹಾಗೆ ಘೋಷಿಸುವವನಿಗೆ ‘ಅಸರ್ಟರ್’ ಎಂದು ಹೆಸರು. ಎಂದರೆ, ಬಾಯಿಲ್ಲದವರ ಪರವಾಗಿ ಬಾಯಿ ತೆರೆಯುವುದು ಈ ಪದದ ಹುಟ್ಟುಗುಣ. ಬಿಸಿಲಿನಲ್ಲಿ ನಿಂತ ಚಿಕ್ಕ ಮಕ್ಕಳಿಗಾಗಿ ನಮ್ಮ ಕೊಠಡಿಗೆ ಬಂದವಳಿಗೆ ಇದಕ್ಕಿಂತ ತಕ್ಕ ಪದ ಬೇರೆ ಯಾವುದಿದ್ದೀತು?

ಸತ್ಯವೇದವನ್ನು ಓದುವವರಿಗೆ ಇದರ ದೃಷ್ಟಾಂತ ಹೊಸದಲ್ಲ. ಅರಣ್ಯಕಾಂಡದ ೨೭ನೆಯ ಅಧ್ಯಾಯದಲ್ಲಿ ಚಲ್ಪಹಾದನ ಐವರು ಹೆಣ್ಣುಮಕ್ಕಳು ಮೋಶೆಯ ಮುಂದೆಯೂ ಸರ್ವಸಮೂಹದ ಮುಂದೆಯೂ ನಿಂತು, ಗಂಡುಮಕ್ಕಳಿಲ್ಲದೆ ಸತ್ತ ತಮ್ಮ ತಂದೆಯ ಸ್ವಾಸ್ತ್ಯವನ್ನು ತಮಗೆ ಕೊಡಬೇಕೆಂದು ಕೇಳುತ್ತಾರೆ. ಅವರು ಕೂಗಾಡಲಿಲ್ಲ, ಗುಣುಗುಟ್ಟಲಿಲ್ಲ. ಅವರ ಮಾತು ನ್ಯಾಯವಾದದ್ದೆಂದು ದೇವರೇ ತೀರ್ಪುಕೊಟ್ಟನು. ಅದೇ ಗ್ರಂಥವು ಮೋಶೆಯನ್ನು ಭೂಮಿಯ ಮೇಲಿನ ಎಲ್ಲರಿಗಿಂತ ಸಾತ್ವಿಕನೆಂದು ಹೇಳುತ್ತದೆ. ಆ ಸಾತ್ವಿಕನೇ ಫರೋಹನ ಅರಮನೆಯಲ್ಲಿ ಎದುರುನಿಂತವನು. ಆದುದರಿಂದ ಸಾತ್ವಿಕತೆಗೂ ದೃಢತೆಗೂ ವೈರವಿಲ್ಲ. ಹೆಣ್ಣುಮಕ್ಕಳಿಗೆ ಸಾತ್ವಿಕತೆಯನ್ನು ಬೋಧಿಸುತ್ತ ಅಂಜುಬುರುಕತನವನ್ನು ಕಲಿಸಿಬಿಟ್ಟರೆ ತಪ್ಪು ವೇದದ್ದಲ್ಲ, ಬೋಧಕರದು.

ಮೂರನೆಯ ಗುಂಪಿನಲ್ಲಿ ಅಧಿಕಾರದ ಪದಗಳಿವೆ. ‘ಡಾಮಿನೀರಿಂಗ್’ ಎಂಬುದು ಯಜಮಾನನೆಂಬ ಅರ್ಥದ ಲ್ಯಾಟಿನ್ ಮೂಲದಿಂದ ಬಂದದ್ದು. ಯಜಮಾನನಲ್ಲದ ಕಡೆ ಯಜಮಾನಿಕೆ ನಡೆಸುವವರಿಗೆ ಸಲ್ಲುತ್ತದೆ. ನಮ್ಮ ‘ದಬ್ಬಾಳಿಕೆ’ ಇದಕ್ಕೆ ಸಮೀಪ. ‘ಓವರ್‌ಬೇರಿಂಗ್’ ಎಂದರೆ ತನ್ನ ಭಾರದಿಂದಲೇ ಎದುರಿನವರನ್ನು ಅದುಮಿಬಿಡುವುದು. ‘ಇಂಪೀರಿಯಸ್’ ಎಂದರೆ ಅರಸರ ಗತ್ತು, ಕನ್ನಡದಲ್ಲಿ ದರ್ಪ. ‘ಬುಲ್ಲಿ’ ಎಂಬ ಪದದ ಚರಿತ್ರೆ ವಿಚಿತ್ರವಾದದ್ದು: ಹದಿನಾರನೆಯ ಶತಮಾನದಲ್ಲಿ ಅದಕ್ಕೆ ‘ಪ್ರಿಯ’ ಎಂಬ ಅರ್ಥವಿತ್ತು, ಕಾಲಕ್ರಮದಲ್ಲಿ ಇಳಿದು ಇಳಿದು, ತನಗಿಂತ ದುರ್ಬಲರನ್ನು ಹುಡುಕಿ ಹಿಂಸಿಸುವವನ ಹೆಸರಾಯಿತು. ‘ದುರ್ಬಲರನ್ನು ಹುಡುಕಿ’ ಎಂಬುದೇ ಇಲ್ಲಿನ ಮುಖ್ಯಾಂಶ. ತನಗಿಂತ ದೊಡ್ಡವರಿಗೆ ಎದುರಾಡುವವಳು ಒರಟಳಾಗಿದ್ದರೂ ‘ಬುಲ್ಲಿ’ ಆಗಲಾರಳು.

ಪದಗಳು ಹೀಗೆ ಏರಿಳಿಯುವುದು ನಮ್ಮಲ್ಲಿಯೂ ಉಂಟು. ‘ಛಲ’ವೆಂದರೆ ಸಂಸ್ಕೃತದಲ್ಲಿ ಮೋಸ, ಕನ್ನಡದಲ್ಲಿ ಅದು ಬಿಡದ ಸಂಕಲ್ಪ. ‘ಸಾಹಸ’ವೆಂಬುದು ಧರ್ಮಶಾಸ್ತ್ರಗಳಲ್ಲಿ ಬಲಪ್ರಯೋಗದ ಅಪರಾಧಗಳಿಗೆ ಹೆಸರು, ಇಂದು ಮಕ್ಕಳಿಗೆ ಸಾಹಸಕ್ಕಾಗಿ ಬಹುಮಾನ ಕೊಡುತ್ತೇವೆ. ಬಲಶಾಲಿ ಎಂದಿದ್ದ ‘ಬಲವಂತ’ ಒತ್ತಾಯವೆಂಬ ಅರ್ಥಕ್ಕೆ ತಿರುಗಿದೆ. ಆದುದರಿಂದ ಪದದ ಬೇರನ್ನು ತಿಳಿಯುವುದು ಒಳ್ಳೆಯದಾದರೂ ಇಂದಿನ ಬಳಕೆಯೇ ಪ್ರಮಾಣ.

ತಾಯಿತಂದೆಗಳು ವಿಶೇಷವಾಗಿ ತಿಳಿಯತಕ್ಕ ಒಂದು ಜೋಡಿ ಇಲ್ಲಿದೆ: ‘ಅಥಾರಿಟೇಟಿವ್’ ಮತ್ತು ‘ಅಥಾರಿಟೇರಿಯನ್’. ಕೇಳುವುದಕ್ಕೆ ಒಂದೇ ತರಹ. ಗುಣದಲ್ಲಿ ಬಹಳ ದೂರ. ೧೯೬೦ರ ದಶಕದಲ್ಲಿ ಅಮೆರಿಕಾದ ಡಯಾನಾ ಬೌಮ್ರಿಂಡ್ ಎಂಬ ಮನಶ್ಶಾಸ್ತ್ರಜ್ಞೆ ಮಕ್ಕಳನ್ನು ಬೆಳೆಸುವ ರೀತಿಗಳನ್ನು ವಿಂಗಡಿಸುವಾಗ ಈ ಭೇದವನ್ನು ಮುಂದಿಟ್ಟರು. ನಿಯಮವನ್ನು ಬಿಡದೆ, ಅದರ ಕಾರಣವನ್ನೂ ಹೇಳಿ, ಮಗುವಿನ ಮಾತಿಗೂ ಕಿವಿಗೊಡುವವರು ಮೊದಲನೆಯ ಬಗೆ. ‘ನಾನು ಹೇಳಿದೆ, ನೀನು ಮಾಡು’ ಎನ್ನುವವರು ಎರಡನೆಯ ಬಗೆ. ರೈಲಿನ ದಿನ ನಮ್ಮ ನಿಯಮವು ಎರಡನೆಯ ಬಗೆಗೆ ಸೇರಿದ್ದಿತೆಂದು ಈಗ ಒಪ್ಪಿಕೊಳ್ಳುತ್ತೇವೆ.

ನಾಲ್ಕನೆಯದು ಒತ್ತಾಯದ ಗುಂಪು. ನಮ್ಮ ಮನೆಗಳಲ್ಲಿ ನೆಂಟರಿಗೆ ‘ಬಲವಂತಮಾಡಿ’ ಇನ್ನೊಂದು ಮುದ್ದೆ ಬಡಿಸುತ್ತೇವೆ; ಅದು ಉಪಚಾರ. ಇದನ್ನು ಒಬ್ಬ ವಿದ್ಯಾರ್ಥಿನಿ ಪ್ರಬಂಧದಲ್ಲಿ ಬರೆಯುವಾಗ, ಅತ್ತೆಯವರು ತನ್ನನ್ನು ‘ಫೋರ್ಸ್’ ಮಾಡಿ ಉಣ್ಣಿಸಿದರೆಂದು ಬರೆದಳು. ಓದುವ ಇಂಗ್ಲಿಷಿನವರು ಆ ಅತ್ತೆಯ ಮೇಲೆ ಫಿರ್ಯಾದು ಕೊಡಬೇಕೆಂದಾರು! ಅಲ್ಲಿ ಬರತಕ್ಕದ್ದು ‘ಪ್ರೆಸ್’ ಅಥವಾ ‘ಇನ್ಸಿಸ್ಟ್’. ಬಾಯಿಮಾತಿನ ಪ್ರೇರಣೆ ‘ಅರ್ಜ್’. ಕಾರಣ ಕೊಟ್ಟು ಒಪ್ಪಿಸುವುದು ‘ಪರ್‌ಸ್ವೇಡ್’. ಬೇರೆ ದಾರಿಯಿಲ್ಲದಂತೆ ಮಾಡುವುದು ‘ಕಂಪೆಲ್’. ತೋಳಿನ ಬಲ ‘ಫೋರ್ಸ್’. ಹೆದರಿಸಿ ಮಾಡಿಸುವುದು ‘ಕೋಅರ್ಸ್’. ‘ಒಲ್ಲೆ’ ಎನ್ನುವ ಎಡೆ ಮೆಟ್ಟಲಿನಿಂದ ಮೆಟ್ಟಲಿಗೆ ಕಿರಿದಾಗುತ್ತ ಹೋಗುವುದನ್ನು ನೋಡಿರಿ.

ಇದು ಬರಿಯ ಪಾಠಶಾಲೆಯ ಸೂಕ್ಷ್ಮವಲ್ಲ. ಕಾನೂನಿಗೂ ಈ ಭೇದ ಬೇಕು. ೧೮೭೨ರ ಭಾರತೀಯ ಕರಾರು ಅಧಿನಿಯಮದ ೧೫ನೆಯ ಕಲಮು ‘ಕೋಅರ್ಷನ್’ ಎಂಬುದನ್ನೂ, ೧೬ನೆಯ ಕಲಮು ‘ಅನ್‌ಡ್ಯೂ ಇನ್‌ಫ್ಲುಯೆನ್ಸ್’ ಎಂಬುದನ್ನೂ ಬೇರೆಬೇರೆಯಾಗಿ ವಿವರಿಸುತ್ತವೆ. ಬೆದರಿಕೆಯಿಂದ ರುಜು ಹಾಕಿಸಿಕೊಳ್ಳುವುದು ಮೊದಲನೆಯದು. ಎದುರಿನವರ ಮನಸ್ಸನ್ನು ಆಳುವ ಸ್ಥಾನದಲ್ಲಿದ್ದುಕೊಂಡು ಆ ಸ್ಥಾನದ ಬಲದಿಂದ ಅನ್ಯಾಯವಾದ ಲಾಭ ಪಡೆಯುವುದು ಎರಡನೆಯದು. ಮನೆಯ ಪತ್ರಗಳಿಗೆ ರುಜು ಹಾಕಬೇಕಾಗಿ ಬರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಈ ಎರಡನ್ನೂ ನೆನಪಿನಲ್ಲಿಟ್ಟುಕೊಳ್ಳಲಿ. ಇನ್ನೊಂದು ಪದ ‘ಕಂಪಲ್ಸರಿ’. ೨೦೦೯ರ ಶಿಕ್ಷಣದ ಹಕ್ಕಿನ ಅಧಿನಿಯಮವು ಉಚಿತ ಹಾಗೂ ‘ಕಂಪಲ್ಸರಿ’ ಶಿಕ್ಷಣವನ್ನು ಹೇಳುತ್ತದೆ. ಇದನ್ನು ‘ಬಲವಂತದ ಶಿಕ್ಷಣ’ವೆಂದು ಯಾರೂ ಹೇಳುವುದಿಲ್ಲ, ‘ಕಡ್ಡಾಯ ಶಿಕ್ಷಣ’ವೆನ್ನುತ್ತೇವೆ, ಅಲ್ಲಿ ಕಟ್ಟುಬಿದ್ದಿರುವುದು ಮುಖ್ಯವಾಗಿ ಸರ್ಕಾರವೇ ಹೊರತು ಮಗುವಲ್ಲ.

ಇಷ್ಟಾದ ಮೇಲೂ ಒಂದು ತೊಡಕು ಉಳಿಯುತ್ತದೆ. ಪದವನ್ನು ಆರಿಸುವವರು ಎಲ್ಲಿ ನಿಂತಿದ್ದಾರೆಂಬುದರ ಮೇಲೆಯೂ ಪದವು ಬದಲಾಗುತ್ತದೆ. ಬರ್ಟ್ರಾಂಡ್ ರಸ್ಸೆಲರು ೧೯೪೮ರಲ್ಲಿ ಬಿ.ಬಿ.ಸಿ. ರೇಡಿಯೋದಲ್ಲಿ ಇದನ್ನು ವಿನೋದವಾಗಿ ತೋರಿಸಿದರು: ಒಂದೇ ಗುಣಕ್ಕೆ ತನ್ನಲ್ಲಾದರೆ ಒಂದು ಹೆಸರು, ಎದುರಿಗಿರುವವನಲ್ಲಾದರೆ ಇನ್ನೊಂದು, ಅಲ್ಲಿಲ್ಲದವನಲ್ಲಾದರೆ ಮತ್ತೂ ಕೆಟ್ಟದ್ದೊಂದು. ವಿನೋದದ ಒಳಗೆ ಸತ್ಯವಿದೆ. ೧೯೩೦ನೆಯ ಇಸವಿಯಲ್ಲಿ ನಮ್ಮ ಪಕ್ಕದ ಚಿನ್ನದ ಗಣಿಗಳ ಕೂಲಿಗಾರರು, ತಮ್ಮ ಬೆರಳೊತ್ತನ್ನು ದಾಖಲೆ ಮಾಡಿಸಬೇಕೆಂಬ ನಿಬಂಧನೆಯನ್ನು ಒಪ್ಪದೆ, ಸುಮಾರು ಮೂರು ವಾರ ಗಣಿಗೆ ಇಳಿಯಲಿಲ್ಲ. ಬೆರಳೊತ್ತು ಅಪರಾಧಿಗಳಿಂದ ತೆಗೆದುಕೊಳ್ಳುವಂಥದ್ದೆಂಬ ಅವಮಾನ ಅವರಿಗೆ. ಮೇಲಿನ ಬಂಗಲೆಯಿಂದ ನೋಡಿದವರಿಗೆ ಅದು ‘ಡಿಫಯೆನ್ಸ್’, ಎಂದರೆ ಉದ್ಧಟತನ. ಲೈನಿನ ಮನೆಗಳಿಂದ ನೋಡಿದವರಿಗೆ ‘ಫರ್ಮ್‌ನೆಸ್’. ಘಟನೆ ಒಂದೇ.

ಇಂಗ್ಲೆಂಡಿನಲ್ಲಿ ಮತದಾನದ ಹಕ್ಕಿಗಾಗಿ ಹೋರಾಡಿದ ಸ್ತ್ರೀಯರನ್ನು ೧೯೦೬ರಲ್ಲಿ ಲಂಡನ್ನಿನ ಡೈಲಿ ಮೇಲ್ ಪತ್ರಿಕೆ ‘ಸಫ್ರಾಜೆಟ್’ ಎಂದು ಕರೆದದ್ದು ಹೀಯಾಳಿಕೆಗಾಗಿ; ಆ ಸ್ತ್ರೀಯರು ಅದನ್ನೇ ಎತ್ತಿಕೊಂಡು ತಮ್ಮ ಹೆಸರಾಗಿ ಮಾಡಿಕೊಂಡರು. ದಕ್ಷಿಣ ಆಫ್ರಿಕಾದಲ್ಲಿ ಗಾಂಧಿಯವರು ತಮ್ಮ ಹೋರಾಟಕ್ಕೆ ‘ಪ್ಯಾಸಿವ್ ರೆಸಿಸ್ಟೆನ್ಸ್’ ಎಂಬ ಇಂಗ್ಲಿಷ್ ಹೆಸರು ಒಪ್ಪದೆ, ಅದು ದುರ್ಬಲರ ಆಯುಧವೆಂಬ ಅರ್ಥ ಕೊಡುತ್ತದೆಂದು ಕಂಡು, ‘ಸತ್ಯಾಗ್ರಹ’ವೆಂಬ ಪದವನ್ನು ರೂಪಿಸಿಕೊಂಡರು. ಆಗ್ರಹವೆಂದರೆ ಬಿಗಿಯಾಗಿ ಹಿಡಿಯುವುದು. ತಮ್ಮ ನಡತೆಗೆ ತಕ್ಕ ಹೆಸರನ್ನು ತಾವೇ ಆರಿಸಿಕೊಳ್ಳುವುದೂ ಒಂದು ಶಕ್ತಿಯೆಂಬುದಕ್ಕೆ ಇವು ಸಾಕ್ಷಿ.

ಕೊನೆಯದಾಗಿ ‘ಬಾಸಿ’ ಎಂಬ ಪದ. ‘ಬಾಸ್’ ಎಂಬುದು ಡಚ್ ಭಾಷೆಯಿಂದ ಅಮೆರಿಕಾದ ಮೂಲಕ ಇಂಗ್ಲಿಷಿಗೆ ಬಂದು, ನಮ್ಮ ಗಣಿಗಳ ಬಾಯಿಮಾತಿನಲ್ಲಿಯೂ ಸೇರಿತು. ‘ಬಾಸಿ’ ಎಂದರೆ ಎಲ್ಲರಿಗೂ ಅಪ್ಪಣೆ ಮಾಡುವವಳು. ‘ಮಾಡುವವನು’ ಎಂದು ನಾವು ಬರೆಯಲಿಲ್ಲವೆಂಬುದನ್ನು ಗಮನಿಸಿರಿ. ಆಟದಲ್ಲಿ ಮುಂದಾಳಾಗುವ ಹುಡುಗನನ್ನು ‘ಲೀಡರ್’ ಎನ್ನುವವರೇ, ಹುಡುಗಿಯನ್ನು ‘ಬಾಸಿ’ ಎನ್ನುವರು. ೨೦೧೪ರಲ್ಲಿ ಅಮೆರಿಕಾದ ಶೆರಿಲ್ ಸ್ಯಾಂಡ್‌ಬರ್ಗ್ ಎಂಬ ಮಹಿಳೆ, ಅಲ್ಲಿನ ಗರ್ಲ್ ಸ್ಕೌಟ್ ಸಂಸ್ಥೆಯೊಡನೆ ಸೇರಿ, ಹುಡುಗಿಯರಿಗೆ ಈ ಪದವನ್ನು ಅಂಟಿಸಬಾರದೆಂದು ಪ್ರಚಾರ ನಡೆಸಿದರು. ಒಂದು ಪದವನ್ನು ನಿಷೇಧಿಸುವುದರಿಂದ ಮನಸ್ಸು ತಿದ್ದುವುದೇ ಎಂದು ಆಗ ಅನೇಕರು ಕೇಳಿದರು. ನಮಗೂ ಆ ಸಂದೇಹವಿದೆ. ಆದರೆ ಬರೆಯುವ ಮುಂಚೆ, ‘ಇದೇ ನಡತೆ ಒಬ್ಬ ಹುಡುಗನದಾಗಿದ್ದರೆ ಯಾವ ಪದ ಬರೆಯುತ್ತಿದ್ದೆವು?’ ಎಂದು ಒಮ್ಮೆ ಕೇಳಿಕೊಳ್ಳುವುದರಲ್ಲಿ ನಷ್ಟವಿಲ್ಲ. ನಾವು ನಮ್ಮನ್ನೇ ಹಾಗೆ ಕೇಳಿಕೊಂಡಾಗ ಬಂದ ಉತ್ತರ ನಮಗೆ ಸಂತೋಷವನ್ನುಂಟುಮಾಡಲಿಲ್ಲ.

ಅಂದಿನಿಂದ ನಮ್ಮ ಶಾಲೆಯಲ್ಲಿ ಒಂದು ಪದ್ಧತಿಯನ್ನು ಇಟ್ಟುಕೊಂಡಿದ್ದೇವೆ. ನಡತೆಯ ಪತ್ರದಲ್ಲಿ ಗುಣವಾಚಕವೊಂದನ್ನು ಬರೆದರೆ, ಅದಕ್ಕೆ ಆಧಾರವಾದ ನಡತೆಯನ್ನು ಒಂದು ವಾಕ್ಯದಲ್ಲಿ ಜೊತೆಗೆ ಬರೆಯತಕ್ಕದ್ದು. ‘ರೈಲು ತಡವಾದ ದಿನ ಚಿಕ್ಕ ಮಕ್ಕಳ ಪರವಾಗಿ ಬಂದು ಮರ್ಯಾದೆಯಿಂದ ವಾದಿಸಿದಳು’ ಎಂದು ಬರೆದಿದ್ದರೆ, ಯಾವ ಹಾಸ್ಟೆಲಿನವರೂ ಅವಳನ್ನು ಹಿಂದಕ್ಕೆ ಕಳುಹಿಸುತ್ತಿರಲಿಲ್ಲ. ನಡತೆಯನ್ನು ಹೇಳಿದರೆ ಪದದ ತಪ್ಪು ತಾನೇ ಬಯಲಿಗೆ ಬರುತ್ತದೆ. ತಾಯಿತಂದೆಗಳಲ್ಲಿಯೂ ನಮ್ಮ ವಿಜ್ಞಾಪನೆ ಇಷ್ಟೆ: ನಿಮ್ಮ ಮಗಳನ್ನು ಯಾರಾದರೂ ‘ಜೋರು’ ಎಂದರೆ ಕೂಡಲೇ ನಾಚಬೇಡಿರಿ, ಕೂಡಲೇ ಹೆಮ್ಮೆಪಡಲೂ ಬೇಡಿರಿ. ಆ ಮೂರು ಪ್ರಶ್ನೆಗಳನ್ನು ಕೇಳಿರಿ. ಅವಳು ಕೇಳಿದ್ದು ನ್ಯಾಯವೋ, ಎದುರಿನವರಿಗೆ ಎಡೆಯಿತ್ತೋ, ಸಾಧನ ಮಾತೋ ತೋಳೋ? ಉತ್ತರ ಕೆಟ್ಟದ್ದಾಗಿದ್ದರೆ ತಿದ್ದಿರಿ. ಒಳ್ಳೆಯದಾಗಿದ್ದರೆ ಅವಳ ಪಕ್ಕದಲ್ಲಿ ನಿಲ್ಲಿರಿ.

ಆ ಹುಡುಗಿ ಮುಂದೆ ನರ್ಸ್ ತರಬೇತಿ ಪಡೆದು ಈಗ ಒಂದು ಆಸ್ಪತ್ರೆಯಲ್ಲಿ ಕೆಲಸಮಾಡುತ್ತಿದ್ದಾಳೆ. ಹಳೆಯ ವಿದ್ಯಾರ್ಥಿನಿಯರ ಸಮಾರಂಭಕ್ಕೆ ಬಂದಿದ್ದಾಗ ನಾವು ಅವಳ ಕೈಹಿಡಿದು ಕ್ಷಮೆ ಕ��ಳಿದೆವು. ಅವಳು ನಕ್ಕು, “ಬಿಡಿ ಮಿಸ್. ವಾರ್ಡಿನಲ್ಲಿ ನನ್ನನ್ನು ಈಗಲೂ ಜೋರು ಸಿಸ್ಟರ್ ಎಂದೇ ಕರೆಯುತ್ತಾರೆ. ರಾತ್ರಿ ಡಾಕ್ಟರನ್ನು ಎಬ್ಬಿಸಬೇಕಾದರೆ ಮಾತ್ರ ಎಲ್ಲರೂ ನನ್ನನ್ನೇ ಕಳುಹಿಸುತ್ತಾರೆ,” ಎಂದಳು. ಅವಳ ತಂದೆಯವರು ಮೇಜಿನ ಮೇಲಿಟ್ಟುಹೋದ ಆ ಚೀಟಿ ನಮ್ಮ ನಿಘಂಟಿನ ನಡುವೆ ಇಂದಿಗೂ ಇದೆ. ನಡತೆಯ ಪತ್ರಗಳನ್ನು ಬರೆಯುವ ಕಾಲ ಬಂದಾಗಲೆಲ್ಲ ಅದನ್ನು ಮೊದಲು ತೆಗೆದು ನೋಡಿ, ಆಮೇಲೆ ಲೇಖನಿಯನ್ನು ಹಿಡಿಯುತ್ತೇವೆ.